ಹಿರೇಬಾವಿಯ ತಣ್ಣೀರು

ನಮ್ಮೂರಲ್ಲಿ ಮಳೆ ಬೆಚ್ಚಗೆ ಬೀಳುತ್ತದೆ. ನಾನು ಬೇರೆ ಊರಿನಿಂದ ಸೊಸೆಯಾಗಿ ಬಂದವಳು. ಬಂದ ವರ್ಷ ಮೊದಲ ಮಳೆಗೆ ಅಂಗಳದಲ್ಲಿ ನಿಂತಿದ್ದಾಗ, ಯಾರೋ ಮಾಡಿನ ಮೇಲಿಂದ ಹಂಡೆ ಬಗ್ಗಿಸಿದರು ಅಂದುಕೊಂಡು ಒಳಗೆ ಓಡಿದ್ದೆ. ನಮ್ಮತ್ತೆ ಹೊನ್ನಾಜಮ್ಮ ನಕ್ಕು ನಕ್ಕು ಸಾಕಾಗಿ, ಬೀದಿಗೆಲ್ಲ ಹೇಳಿಕೊಂಡು ಬಂದರು. ಈಗ ನನಗೂ ಅದೇ ಅಭ್ಯಾಸ. ಮಳೆಗಾಲ ಹಿಡಿಯಿತೆಂದರೆ ನೀರೊಲೆಗೆ ಸೌದೆ ಹಾಕುವವರಿಲ್ಲ. ಮಕ್ಕಳಿಗೆ ಎಣ್ಣೆ ತಿಕ್ಕಿ ಅಂಗಳಕ್ಕೆ ಅಟ್ಟಿದರೆ ಮುಗಿಯಿತು, ಸೀಗೆಪುಡಿಯ ಖರ್ಚು ಮಾತ್ರ ನಮ್ಮದು. ಒಲೆಯ ಮೇಲೆ ಕಾಯಿಸಿದ ನೀರು ಗಳಿಗೆಯಲ್ಲಿ ಆರುತ್ತದೆ, ಮಳೆಯ ಬಿಸಿ ಹಾಗಲ್ಲ. ಅದು ನಾದಿನಿಯರ ಮುನಿಸಿನ ಹಾಗೆ, ವರ್ಷಗಟ್ಟಲೆ ಕೂತು ಮೆಲ್ಲಗೆ ಇಳಿಯುವಂಥದ್ದು. ಹನ್ನೆರಡು ವರ್ಷಕ್ಕೆ ಅರ್ಧ ಇಳಿಯುತ್ತದೆ, ಇನ್ನು ಹನ್ನೆರಡು ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ. ಹೀಗಾಗಿ ಕೈ ಅದ್ದಿದರೆ ಸಾಕು, ನೀರಿನ ವಯಸ್ಸು ತಿಳಿಯುತ್ತದೆ. ಬೆಚ್ಚಗಿದ್ದರೆ ಎಳೆಯ ನೀರು, ತಣ್ಣಗಿದ್ದರೆ ಹಿರಿಯ ನೀರು.

ತಣ್ಣೀರಿಗೆ ಇಲ್ಲಿರುವ ಮರ್ಯಾದೆ ಊರ ದೊಡ್ಡ ಮನುಷ್ಯರಿಗೂ ಇಲ್ಲ. ನೆಂಟರಿಗೆ ಬೆಚ್ಚಗಿನ ನೀರು ಕೊಟ್ಟರೆ, ಹೋದ ವರ್ಷದ ಮಳೆ ಕುಡಿಸಿ ಕಳಿಸಿದರು ಎಂದು ದಾರಿಯುದ್ದಕ್ಕೂ ಆಡಿಕೊಳ್ಳುತ್ತಾರೆ. ಮದುವೆಯಲ್ಲಿ ಧಾರೆ ಎರೆಯುವ ನೀರು ಚಪ್ಪರದಡಿ ಕೂತ ಎಲ್ಲರಿಗಿಂತ ಹಿರಿಯದಾಗಿರಬೇಕು. ಸಾಯುವವರ ಬಾಯಿಗೆ ಬಿಡುವ ನೀರೂ ಅಷ್ಟೆ, ಅವರಿಗಿಂತ ಮೊದಲು ಭೂಮಿಗೆ ಬಂದದ್ದಾಗಿರಬೇಕು. ಅಂಥ ನೀರು ಇರುವುದು ಮೂಡಲ ಗುಡ್ಡದ ಬುಡದಲ್ಲಿರುವ ಹಿರೇಬಾವಿ ಒಂದರಲ್ಲೇ. ಅದರ ಯಜಮಾನಿಕೆ ನಮ್ಮ ಮನೆಯದು. ಮಾವನವರು ಹೋದಮೇಲೆ ನನ್ನ ಗಂಡ ಕಾಳಿಂಗಯ್ಯನವರಿಗೆ ಬಂತು. ಲಗ್ನದ ಮನೆಯವರು ವೀಳ್ಯ ಹಿಡಿದು ಬಾಗಿಲಿಗೆ ಬಂದಾಗ ಅವರು ಹೆಗಲ ಮೇಲೆ ವಲ್ಲಿ ಸರಿಪಡಿಸಿಕೊಳ್ಳುವುದನ್ನು ನೋಡಬೇಕು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ, ಬಾವಿಯ ಹತ್ತಿರ ಮಾತ್ರ ರಾಜ.

ಆ ಬಾವಿಗೆ ಒಂದು ಕಟ್ಟಳೆ ಇತ್ತು. ಧಾರೆಗೆ ನೀರು ಒಯ್ದ ಮನೆಯವರು ಬದಲಿಗೆ ಒಂದು ಕಲ್ಲುಚಪ್ಪಡಿ ಕೊಡಬೇಕು. ಹೊಸ ದಂಪತಿ ಸೇರಿ ಅದನ್ನು ಗುಡ್ಡದ ಇಳಿಜಾರಿನಲ್ಲಿ ಹಾಸಿ ಸಂದಿಗೆ ಗಾರೆ ಮೆತ್ತಬೇಕು. ಎಳೆಯ ಮಳೆ ನೆಲಕ್ಕಿಳಿದು ಹಿರಿಯ ನೀರನ್ನು ಕೆಡಿಸಬಾರದು, ಅದಕ್ಕೆ ಈ ಏರ್ಪಾಡು. ಎಷ್ಟು ತಲೆಮಾರುಗಳ ಮದುವೆಗಳೋ, ಗುಡ್ಡ ನೆತ್ತಿಯವರೆಗೂ ಕಲ್ಲು ಹೊದ್ದು ಮಲಗಿತ್ತು. ಬಿದ್ದ ಮಳೆಯೆಲ್ಲ ಚಪ್ಪಡಿಗಳ ಮೇಲೆ ಜಾರಿ, ಮೋರಿ ಹಿಡಿದು, ಊರಾಚೆ ಹಳ್ಳಕ್ಕೆ ಹೋಗುತ್ತಿತ್ತು. ಒಂದೊಂದು ಚಪ್ಪಡಿಯ ಮೇಲೂ ಗಂಡಹೆಂಡಿರ ಹೆಸರು. ನಮ್ಮದೂ ಇತ್ತು. ನಮ್ಮಿಬ್ಬರ ಸಂಸಾರದಲ್ಲಿ ಅಲುಗಾಡದೆ ಇದ್ದದ್ದು ಅದೊಂದೇ ಎಂದು ನಾನು ಗಂಡನನ್ನು ಹಂಗಿಸುತ್ತಿದ್ದೆ.

ಬಾವಿಯ ನೀರು ಇಳಿಯುತ್ತಿದೆ ಎನ್ನುವುದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಗ್ಗಕ್ಕೆ ನನ್ನ ಗಂಡ ತುಂಡು ಸೇರಿಸಿ ಸೇರಿಸಿ ಗಂಟು ಹಾಕುತ್ತಿದ್ದರು. ಗಂಟು ರಾಟೆಗೆ ಬಂದಾಗ ಕಟಕ್ ಎಂದು ಸದ್ದಾಗುತ್ತಿತ್ತು. ಯಾರಾದರೂ ಹತ್ತಿರ ಇದ್ದರೆ ಇವರು ಜೋರಾಗಿ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ನಾನು ಮೊದಮೊದಲು ಶುಂಠಿ ಕಷಾಯ ಮಾಡಿಕೊಟ್ಟಿದ್ದೆ. ಆಮೇಲೆ ರೋಗ ಯಾವುದೆಂದು ತಿಳಿದು ಕಷಾಯ ನಿಲ್ಲಿಸಿದೆ. ಬಾವಿ ಬತ್ತಿದರೆ ಇವರ ಗತಿ ಏನು ಎಂದು ಯೋಚಿಸುತ್ತಾ ಎಷ್ಟೋ ಸಲ ಒಲೆಯ ಮೇಲಿನ ಸಾರು ಉಕ್ಕಿಸಿದ್ದೇನೆ.

ಇಂದುಮತಿ ನಮ್ಮೂರಿಗೆ ಬಂದದ್ದು ಆ ಕಾಲಕ್ಕೆ. ಬಾಗಿಲು ಕಿರಿಚಿಕೊಳ್ಳುವ ಒಂದು ಹಳೆಯ ಜೀಪು, ಅದರ ತುಂಬ ಒಂದೇ ಅಳತೆಯ ಡಬ್ಬಗಳು, ಮೂತಿಗೆ ಆಲಿಕೆ. ನೀರಿನ ಲೆಕ್ಕ ನೋಡುವ ಇಲಾಖೆಯಿಂದ ಬಂದಿದ್ದೇನೆ, ಈ ಸೀಮೆಯ ಮಳೆಯ ನಕ್ಷೆ ಬರೆಯಬೇಕು, ಯಾವ ಮಗ್ಗುಲಿನ ಮಳೆ ಎಷ್ಟು ಬೆಚ್ಚಗೆ ಹುಟ್ಟುತ್ತದೆ ನೋಡಬೇಕು ಎಂದಳು. ಮಳೆಗೂ ನಕ್ಷೆಯೇ ಎಂದು ಊರಿಗೆ ಊರೇ ನಕ್ಕಿತು. ನಕ್ಷೆ ಬರೆಯುವ ಹೊತ್ತಿಗೆ ಅದು ಹರಿದು ಹೋಗಿರುತ್ತದಲ್ಲ ಎಂದು ಕೇಳಿದವರೂ ಉಂಟು. ನನ್ನ ಗಂಡ ಮಾತ್ರ ನಗಲಿಲ್ಲ. ಅವಳ ನಕ್ಷೆಯಲ್ಲಿ ಹಿರೇಬಾವಿ ಸೀಮೆಗೇ ಹಿರಿದು ಎಂದು ಬರೆಸಿಕೊಂಡು, ಬಾವಿಕಟ್ಟೆಗೆ ಬೋರ್ಡು ಹಾಕಿಸುವ ಆಸೆ ಅವರಿಗೆ. ನಮ್ಮ ಹಿತ್ತಿಲ ಕೋಣೆಯನ್ನೇ ಅವಳಿಗೆ ಬಿಡಿಸಿಕೊಟ್ಟರು. ಡಬ್ಬಗಳನ್ನು ತಾವೇ ಹೊತ್ತು ಮನೆಮನೆಯ ಮಾಡಿನ ಮೇಲೆ ಇಟ್ಟುಬಂದರು.

ಮಳೆ ಬಿದ್ದು ನಿಂತ ಮೇಲೆ ಅವಳು ಡಬ್ಬದಿಂದ ಡಬ್ಬಕ್ಕೆ ಹೋಗಿ ಬಿಸಿ ನೋಡಿಕೊಂಡು ಬರುತ್ತಿದ್ದಳು. ಪಡುವಲ ಬೀದಿಯವರು ತಮ್ಮ ಮಳೆ ಯಾರಿಗೇನು ಕಡಿಮೆ ಎಂದು ಡಬ್ಬಕ್ಕೆ ಒಲೆಯ ಬಿಸಿನೀರು ಸುರಿದಿಟ್ಟರು. ಅವಳು ಮಾರನೆಯ ದಿನ ಹೋಗುವಷ್ಟರಲ್ಲಿ ಅದು ಆರಿ ತಣ್ಣಗಾಗಿತ್ತು. ನಿಮ್ಮ ಬೀದಿಗೆ ಬಿದ್ದದ್ದು ಮುತ್ತಜ್ಜನ ಕಾಲದ ಮಳೆಯೋ ಎಂದು ಅವಳು ಕೇಳಿದ್ದಕ್ಕೆ ಅವರೇ ಏಣಿ ಹತ್ತಿ ಡಬ್ಬ ಬರಿದು ಮಾಡಿದರು.

ಸಂಜೆ ಹೊತ್ತು ಜಗಲಿಯಲ್ಲಿ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂರುವುದು ಅವಳಿಗೆ ಇಷ್ಟ. ಬೇರೆ ಸೀಮೆಗಳಲ್ಲಿ ಮಳೆ ಹೇಗೆ ಎಂದು ಅತ್ತೆ ಕೇಳಿದರು. ಅಲ್ಲಿ ಎಲ್ಲ ಮಳೆಯೂ ತಣ್ಣಗೇ ಬೀಳುತ್ತದೆ, ಕೈಯಿಟ್ಟರೆ ಏನೂ ತಿಳಿಯುವುದಿಲ್ಲ ಎಂದಳು. ಆದರೆ ಮಳೆಹನಿಯಲ್ಲಿ ಟ್ರಿಟಿಯಂ ಎಂಬ ಒಂದು ಬಗೆಯ ಜಲಜನಕ ಕಣ್ಣಿಗೆ ಕಾಣದಷ್ಟು ಇರುತ್ತದೆಯಂತೆ. ಅದೂ ಹೀಗೆಯೇ, ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧವಾಗುತ್ತದೆ. ದೊಡ್ಡ ಯಂತ್ರ ಇಟ್ಟು ಅದನ್ನು ಅಳೆದು, ಈ ಬಾವಿಗೆ ಹೊಸ ಮಳೆ ಬಂದಿದೆಯೋ ಇಲ್ಲವೋ ಹೇಳುತ್ತಾರೆ. ಅದಕ್ಕೂ ಮೊದಲು ಎಲ್ಲೆಲ್ಲಿಯ ಮಳೆಯಲ್ಲಿ ಎಷ್ಟೆಷ್ಟು ಇದೆ ಎಂಬ ನಕ್ಷೆ ಬೇಕು. ಹುಟ್ಟಿದಾಗ ಎಷ್ಟಿತ್ತು ಎಂದು ತಿಳಿಯದೆ ಎಷ್ಟು ಇಳಿಯಿತು ಎಂದು ಹೇಳುವುದು ಹೇಗೆ? ಅತ್ತೆಗೆ ಇದೆಲ್ಲ ಎಷ್ಟು ಅರ್ಥವಾಯಿತೋ, ಅವರ ಮನಸ್ಸು ಬೇರೆಲ್ಲೋ ನಿಂತುಬಿಟ್ಟಿತ್ತು.

"ಪಾಪ, ಅಲ್ಲಿ ಮಕ್ಳಿಗೆ ತಣ್ಣೀರ್ ಮಳೇನಾ?" ಎಂದರು.

ಮುಂಗಾರು ಮುಗಿಯಿತು, ಹಿಂಗಾರೂ ಮುಗಿಯಿತು, ಮತ್ತೊಂದು ಮುಂಗಾರೂ ಆಯಿತು. ನಕ್ಷೆ ಸಿದ್ಧವಾದ ದಿನ ಇಂದುಮತಿ ಕಾಗದ ಬಿಚ್ಚಿದಳು. ಗೆರೆ, ಚುಕ್ಕೆ, ಅಂಕಿ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ಇದು ನಮಗೆ ಹತ್ತುವುದಿಲ್ಲ, ಸಾಕಮ್ಮ ಅಂಗಳದಲ್ಲಿ ಬಿಡಿಸಲಿ ಎಂದರು. ಸಾಕಮ್ಮ ಎಂದರೆ ನಾನು. ಸಾರಿಸಿದ ಅಂಗಳಕ್ಕೆ ರಂಗೋಲಿ ಡಬ್ಬಿ ತಂದೆ. ಅವಳು ಹೇಳುತ್ತಾ ಹೋದಳು, ನಾನು ಬಿಡಿಸುತ್ತಾ ಹೋದೆ. ಸಮುದ್ರದ ಕಡೆಯಿಂದ ಬರುವ ಮುಂಗಾರು ಉಗುರುಬೆಚ್ಚಗೆ ಹುಟ್ಟುವಂಥದ್ದು, ಅದಕ್ಕೆ ಅರಿಶಿನ. ಮೂಡಲಿಂದ ನೆಲದ ಮೇಲೆ ನಡೆದು ಬರುವ ಹಿಂಗಾರಿಗೆ ಬಿಸಿ ಜಾಸ್ತಿ, ಅದಕ್ಕೆ ಕೆಮ್ಮಣ್ಣು. ಅದರ ಮೇಲೆ ಊರಿನ ಬಾವಿಗಳು. ಯಾವ ಬಾವಿಯಲ್ಲಿ ಇತ್ತೀಚಿನ ಮಳೆಯ ಬಿಸಿ ಇದೆಯೋ ಅಲ್ಲಿ ಒಂದು ಚಿಟಿಕೆ ಕುಂಕುಮ. ಬೇಲಿಬಾವಿಗೆ ಕುಂಕುಮ ಬಿತ್ತು, ದೊಡ್ಡಬೀದಿಯ ಬಾವಿಗೆ ಬಿತ್ತು, ಯಾರೂ ಮೂಸದ ಹಂದಿಹಳ್ಳದ ಗುಂಡಿಗೂ ಬಿತ್ತು. ಉಳಿದದ್ದು ಹಿರೇಬಾವಿ. ಅಲ್ಲಿ ಏನು ಹಾಕಲಿ ಎಂದು ಕೇಳಿದೆ. ಏನೂ ಹಾಕಬೇಡಿ ಅಕ್ಕ ಎಂದಳು.

ಅಷ್ಟು ಬಣ್ಣದ ನಡುವೆ ಅದೊಂದು ಬರೀ ನೆಲ. ಊರಿನವರು ಸುತ್ತ ನಿಂತಿದ್ದರು. ನೋಡಿದಿರಾ, ಎಲ್ಲಕ್ಕಿಂತ ಬೇರೆ, ಎಲ್ಲಕ್ಕಿಂತ ಹಿರಿದು ಎಂದು ನನ್ನ ಗಂಡನ ಮುಖ ಅರಳಿತು. ಅವಳು ಅವರ ಮುಂದೆ ಬಂದು ನಿಂತಳು. ಹೇಳುವುದು ಅವಳಿಗೂ ಸುಲಭವಿರಲಿಲ್ಲ.

"ಯಜಮಾನ್ರೇ, ಈ ಬಾವೀಲಿ ಹೊಸ ಮಳೆ ಒಂದು ಹನೀನೂ ಇಲ್ಲ. ನಿಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇಳಿದದ್ದನ್ನ ಇಷ್ಟು ದಿನ ಸೇದಿದೀರಿ. ಅದು ಮುಗೀತಾ ಬಂದಿದೆ. ಚಪ್ಪಡಿ ಹಾಸಿದ ಗುಡ್ಡವೇ ಇದರ ಬಾಯಿ, ಅದನ್ನ ನೀವೇ ಮುಚ್ಚಿದೀರಿ."

ಅವರು ಒಪ್ಪಲಿಲ್ಲ. ನಮ್ಮ ಬಾವಿಗೆ ಬರುವುದು ಸಮುದ್ರದ ಮಳೆ ಇರಬಹುದು, ಹುಟ್ಟುವಾಗಲೇ ಬಿಸಿ ಕಡಿಮೆ ಎಂದು ನೀವೇ ಹೇಳಿದಿರಲ್ಲ, ಹಾಗಾಗಿ ತಣ್ಣಗಿದೆ ಎಂದು ವಾದಿಸಿದರು. ಎರಡು ಮುಂಗಾರು ಡಬ್ಬ ಹೊತ್ತು ಅವರೂ ಸ್ವಲ್ಪ ಕಲಿತಿದ್ದರು. ಅವಳು ಅರಿಶಿನದ ಭಾಗ ತೋರಿಸಿದಳು. ಅತಿ ಕಡಿಮೆ ಬಿಸಿಯ ಮಳೆಯೂ ಇಷ್ಟು ತಣ್ಣಗಾಗಬೇಕಾದರೆ ನಾಲ್ಕು ತಲೆಮಾರು ಬೇಕು, ಅದಕ್ಕೇ ನಕ್ಷೆ ಮಾಡಿದ್ದು ಎಂದಳು. ಚಪ್ಪಡಿ ಕಿತ್ತರೆ ಮಳೆ ಇಳಿಯುತ್ತದೆ, ಬಾವಿ ಉಳಿಯುತ್ತದೆ. ಆದರೆ ತಣ್ಣಗೆ ಉಳಿಯುವುದಿಲ್ಲ. ಅಂಗಳದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಿದರು. ಲಗ್ನದ ಕಲ್ಲು ಕೀಳುವುದೆಂದರೆ ತಾಳಿ ಕಿತ್ತ ಹಾಗೆ ಎಂದು ಹೆಂಗಸರು ಎದೆ ಮುಟ್ಟಿಕೊಂಡರು.

ಊರಿನವರು ಚದುರಿದ ಮೇಲೆ ನನ್ನ ಗಂಡ ಜಗಲಿಯ ಕಂಬಕ್ಕೆ ಒರಗಿ ಕೂತರು. ಊಟಕ್ಕೆ ಕರೆದರೆ ಏಳಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಹೋಗಿ ಕೂತು, ಹಗ್ಗಕ್ಕೆ ಎಷ್ಟು ಗಂಟು ಹಾಕಿದೀಯ ಎಂದು ಮೆಲ್ಲಗೆ ಕೇಳಿದರು. ಆ ಕೆಮ್ಮಿನ ಗುಟ್ಟು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ, ಮುದುಕಿಗೆ ನನಗಿಂತ ಮೊದಲೇ ತಿಳಿದಿತ್ತು. ನನ್ನ ಗಂಡ ಮುಖ ಆ ಕಡೆ ತಿರುಗಿಸಿದರು.

"ಅವ್ವ, ಬಾವಿ ಬೆಚ್ಗಾದ್ರೆ ನಮ್ ಬಾಗಲಿಗೆ ಯಾರ್ ಬತ್ತರೆ?" ಎಂದರು. "ಅದ್ನೂ ಬುಡು. ನಿನ್ ಬಾಯಿಗೆ ಏನ್ ಬುಡಾನ? ನಿನಗಿಂತ ಹಿರೀ ನೀರು ಎಲ್ಲಿಂದ ತರಾನ?"

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಅವರು ಗಂಟು ಹಾಕಿದ್ದು ಬರೀ ಯಜಮಾನಿಕೆಗಲ್ಲ. ಎಂಬತ್ತು ದಾಟಿದ ಅವ್ವ ಹೋಗುವಾಗ ಅವಳ ತುಟಿಗೆ ಎಳೆಯ ನೀರು ತಾಗಬಾರದು, ಅಲ್ಲಿಯವರೆಗಾದರೂ ಬಾವಿ ತಡೆಯಲಿ ಎಂದು ಆ ಮನುಷ್ಯ ಲೆಕ್ಕ ಹಾಕಿಕೊಂಡು ಕೂತಿದ್ದರು. ಅವರನ್ನು ಹಂಗಿಸಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಅತ್ತೆ ಮಗನ ಬೆನ್ನ ಮೇಲೆ ಕೈಯಿಟ್ಟರು.

"ನನ್ ಬಾಯಿಗೆ ಬೇಕಾಗಿರದು ಒಂದು ಗುಟುಕು ಕಣ್ಲಾ. ಅದ್ನ ಒಂದು ತಂಬಿಗೇಲಿ ತುಂಬಿ ಮುಚ್ಚಿಡು. ನನ್ನೊಂದು ಗುಟುಕಿಗೋಸ್ಕರ ಊರ್ ಬಾವೀನ ಯಾಕ್ಲಾ ಸಾಯಿಸ್ತೀಯ?"

ಮಾರನೆಯ ದಿನ ಬೆಳಿಗ್ಗೆ ಅತ್ತೆ ತಾವೇ ಕೋಲೂರಿಕೊಂಡು ಗುಡ್ಡಕ್ಕೆ ನಡೆದರು. ಹಿಂದೆ ಹಾರೆ ಹೊತ್ತು ನನ್ನ ಗಂಡ, ಅವರ ಹಿಂದೆ ನಾನು, ಇಂದುಮತಿ. ಮಾವನವರ ಮತ್ತು ತಮ್ಮ ಹೆಸರಿದ್ದ ಚಪ್ಪಡಿಯನ್ನು ಹುಡುಕಲು ಅತ್ತೆಗೆ ತುಸು ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಅದರ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ನಿಮ್ಮಪ್ಪ ಈ ಕಲ್ಲು ಹಾಕುವಾಗ ನನ್ನ ಕಾಲ್ಬೆರಳ ಮೇಲೆ ಬಿಟ್ಟಿದ್ದ, ಲಗ್ನವಾದ ದಿನವೇ ಬೈಗುಳ ಶುರುವಾಯಿತು ಎಂದು ಹೇಳಿ, ಎದ್ದು, ಇನ್ನು ಎಬ್ಬಿಸು ಎಂದರು. ಗಾರೆ ಬಿಡಲು ತಕರಾರು ಮಾಡಿತು. ನನ್ನ ಗಂಡ ನಾಲ್ಕೂ ಮಗ್ಗುಲಿನಿಂದ ಹಾರೆ ಮೀಟಿದರು. ಕಲ್ಲು ಎದ್ದಿತು. ಅಡಿಯಲ್ಲಿ ಇದ್ದ ಮಣ್ಣು ಹಿಟ್ಟಿನ ಹಾಗೆ ಒಣಗಿತ್ತು. ಅಷ್ಟು ಮಳೆ ಬೀಳುವ ಊರಿನಲ್ಲಿ, ಒಂದು ಅಂಗೈಯ ದಪ್ಪದ ಕಲ್ಲಿನ ಅಡಿಯಲ್ಲಿ, ಅಂಥ ಮಣ್ಣನ್ನು ನಾನು ಕಂಡಿರಲಿಲ್ಲ. ಅತ್ತೆ ಬಗ್ಗಿ ಒಂದು ಹಿಡಿ ತೆಗೆದುಕೊಂಡರು. ಅದು ಬೆರಳ ಸಂದಿಯಲ್ಲಿ ಸೋರಿಹೋಯಿತು.

ಆಮೇಲೆ ನಮ್ಮ ಕಲ್ಲು ತೆಗೆದೆವು. ನಾಲ್ಕಾರು ದಿನ ನಾವು ಮೂವರೇ. ಅತ್ತೆಗೆ ಮರದಡಿ ಕೂತು ಎಲ್ಲಿ ಮೀಟಬೇಕೆಂದು ಹೇಳುವ ಕೆಲಸ. ಇಂದುಮತಿಗೆ ಹಾರೆ ಹಿಡಿದು ರೂಢಿಯಿಲ್ಲ, ಅಂಗೈಯಲ್ಲಿ ಬೊಬ್ಬೆ ಬಂತು. ಊರಿನವರು ಬಂದು ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಐದಾರು ಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ನಿಶ್ಚಯವಾಗಿದ್ದ ಒಂದು ಮದುವೆಯವರು ವೀಳ್ಯ ಹಿಡಿದು ಬರಲೇ ಇಲ್ಲ. ನನ್ನ ಗಂಡ ಆ ದಿನ ಬಾಗಿಲಲ್ಲಿ ಒಗೆದ ವಲ್ಲಿ ಹೊದ್ದು ಕಾದು ಕೂತಿದ್ದರು. ಕೊನೆಗೆ ಎದ್ದು ವಲ್ಲಿಯನ್ನು ಗೂಟಕ್ಕೆ ಹಾಕಿ ಹಾರೆ ತೆಗೆದುಕೊಂಡು ಗುಡ್ಡಕ್ಕೆ ಹೋದರು. ಅವರ ಹಿಂದೆಯೇ ಹೋಗಿ ನಾನೂ ಕಲ್ಲಿಗೆ ಕೈ ಹಚ್ಚಿದೆ.

ಮೊದಲು ಬಂದವರು ತಮ್ಮತಮ್ಮಲ್ಲೇ ಮಾತುಬಿಟ್ಟು ವರ್ಷಗಳಾಗಿದ್ದ ಚಿಕ್ಕಾಚಾರಿ ಮತ್ತು ಅವನ ಹೆಂಡತಿ. ಅವನು ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ, ಒಬ್ಬರನ್ನೊಬ್ಬರು ನೋಡದೆ ಬಂದರು. ಆದರೆ ಚಪ್ಪಡಿ ಒಬ್ಬರಿಂದ ಏಳುವಂಥದ್ದಲ್ಲ. ನಿನ್ನ ಕಡೆ ಎತ್ತು ಎಂದು ಅವನು, ಕಾಲು ಜೋಪಾನ ಎಂದು ಅವಳು, ಅಷ್ಟಾದರೂ ಮಾತಾಯಿತು. ಅದನ್ನು ನೋಡಿ ಇನ್ನೂ ಕೆಲವರು ಬಂದರು. ಬಾರದವರು ಬರಲಿಲ್ಲ, ಅವರ ಕಲ್ಲುಗಳು ಇವತ್ತಿಗೂ ಅಲ್ಲೇ ಇವೆ. ಹಿಂಗಾರು ಬರುವ ಹೊತ್ತಿಗೆ ಗುಡ್ಡದ ಅರ್ಧಕ್ಕಿಂತ ಹೆಚ್ಚು ಭಾಗ ಬರಿಮೈಯಾಗಿತ್ತು.

ಮಳೆ ಬಂದದ್ದು ಮಧ್ಯಾಹ್ನ, ನಾವು ಅಲ್ಲೇ ಕೆಲಸದಲ್ಲಿದ್ದಾಗ. ಎಲ್ಲರೂ ಮರದ ಕೆಳಗೆ ಓಡಿದೆವು. ಅತ್ತೆ ಮಾತ್ರ ಮರದ ಕೆಳಗಿನಿಂದ ಎದ್ದು ಬಯಲಿಗೆ ಹೋದರು. ಮಣ್ಣಿನ ಮೇಲೆ ಬಿದ್ದ ಹನಿ ಜಾರಲಿಲ್ಲ, ಮಾಯವಾಯಿತು. ಇನ್ನೊಂದು ಬಿತ್ತು, ಅದೂ ಮಾಯ. ಗುಡ್ಡವೆಲ್ಲ ಸುಯ್ಯೆಂದು ಸದ್ದು ಮಾಡುತ್ತಾ ನೀರು ಕುಡಿಯತೊಡಗಿತು. ಮೋರಿಗೆ ಒಂದು ಎಳೆಯೂ ಹರಿಯಲಿಲ್ಲ. ಬೆಚ್ಚಗಿನ ಮಳೆ ಅತ್ತೆಯ ನೆರೆತ ಕೂದಲಿನಿಂದ ಇಳಿದು, ಸೀರೆಯಿಂದ ಇಳಿದು, ಅವರ ಕಾಲಡಿಯಲ್ಲೇ ನೆಲಕ್ಕೆ ಸೇರುತ್ತಿತ್ತು. ಒಳಗೆ ಬಾ ಎಂದು ಮಗ ಕೂಗಿದರೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ನನಗೆ ಅಳು ಬಂತು. ಮಳೆಯಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲವೆಂದು ನಾನೂ ಹೋಗಿ ಅವರ ಪಕ್ಕ ನಿಂತೆ.

ಬಾವಿ ಏನೂ ತಿಳಿಯದಂತೆ ಇತ್ತು. ಇಂದುಮತಿ ತನ್ನ ಡಬ್ಬಗಳೊಂದಿಗೆ ಬೇರೆ ಊರಿಗೆ ಹೋದಳು, ನೆಲದೊಳಗೆ ನೀರು ನಿಧಾನವಾಗಿ ನಡೆಯುತ್ತದೆ, ತಾಳ್ಮೆಗೆಡಬೇಡಿ ಎಂದು ಹೇಳಿ ಹೋದಳು. ಒಂದು ವರ್ಷ ಕಳೆಯಿತು. ಹಗ್ಗಕ್ಕೆ ಇನ್ನೂ ಒಂದು ತುಂಡು ಸೇರಿತು. ಈ ಸಲ ಕೆಮ್ಮುವ ಅವಶ್ಯಕತೆಯಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಕಲ್ಲೂ ಹೋಯಿತು ನೀರೂ ಹೋಯಿತು ಎಂದು ಸಂತೆಯಲ್ಲಿ ನನಗೆ ಕೇಳುವ ಹಾಗೆಯೇ ಹೇಳಿದರು. ಸೊಪ್ಪು ಆರಿಸುತ್ತಾ ಕೇಳಿಸಿಕೊಂಡೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಎರಡನೆಯ ವರ್ಷದ ಮುಂಗಾರಿನ ಹೊತ್ತಿಗೆ ಹಗ್ಗ ಅಷ್ಟಕ್ಕೇ ನಿಂತಿತು. ನೀರು ಏರಲಿಲ್ಲ, ಇಳಿಯಲೂ ಇಲ್ಲ. ಬಾವಿ ಉಸಿರು ಬಿಗಿಹಿಡಿದಿದೆ ಎಂದರು ನನ್ನ ಗಂಡ. ಅವರ ದನಿಯಲ್ಲಿ ಆಸೆ ಮೂಡಿದ್ದನ್ನು ನಾನು ಗುರುತಿಸಿದೆ, ಆದರೆ ಮುಟ್ಟಿದರೆ ಒಡೆದೀತೆಂದು ರಾಗಿ ಬೀಸಲು ಕೂತೆ.

ಆ ವರ್ಷವೇ ಒಂದು ಮುಂಜಾನೆ ಅವರು ಬಾವಿಯಿಂದ ಬಂದದ್ದು ಬೇರೆ ನಡಿಗೆಯಲ್ಲಿ. ಬಿಂದಿಗೆಯನ್ನು ಹೆಗಲ ಮೇಲಿಟ್ಟಿರಲಿಲ್ಲ, ಎದೆಗೆ ಅವಚಿಕೊಂಡಿದ್ದರು. ಅಂದು ಇಂದುಮತಿಯೂ ನಮ್ಮ ಮನೆಯಲ್ಲಿದ್ದಳು, ಬಾವಿಗಳನ್ನು ಮತ್ತೆ ನೋಡಲು ಹಿಂದಿನ ಸಂಜೆ ಬಂದಿದ್ದಳು. ಅವರು ಯಾರನ್ನೂ ಮಾತಾಡಿಸದೆ ಬಿಂದಿಗೆಯನ್ನು ಅವ್ವನ ಮುಂದೆ ಇಳಿಸಿದರು. ಬಾವಿಯ ನೀರು ಒಂದು ಮಾರು ಮೇಲೆ ಬಂದಿದೆ ಎಂದು ಎರಡೆರಡು ಸಲ ಹೇಳಿದರು. ಇಷ್ಟು ಕಾಲ ಬೆಚ್ಚಗಿನ ನೀರಿಗೆ ಮುಖ ಸಿಂಡರಿಸಿದ ಮನುಷ್ಯ ಒದ್ದೆ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದರು.

ಅತ್ತೆ ಕೈ ಅದ್ದಿದರು. ನಾನೂ ಅದ್ದಿದೆ. ತಣ್ಣಗಿತ್ತು, ಆದರೆ ತಣ್ಣಗಿನ ಒಳಗೆ ಎಲ್ಲೋ ಒಂದು ಎಳೆ ಬೆಚ್ಚಗಿತ್ತು, ನಿದ್ದೆಹೋದ ಮಗುವಿನ ಪಾದದಷ್ಟು. ಇಂದುಮತಿ ಅಳೆದು ನೋಡಿದಳು, ತನ್ನ ನಕ್ಷೆ ತೆಗೆದು ಲೆಕ್ಕ ಹಾಕಿದಳು. ಹಳೆಯ ನೀರಿಗೆ ಹೊಸದು ಬೆರೆತಿದೆ, ಸಮುದ್ರದ ಮಳೆ ಬೆರೆತಿದ್ದರೆ ಇಷ್ಟು ಬೆಚ್ಚಗಾಗುತ್ತಿರಲಿಲ್ಲ, ಇದು ಹಿಂಗಾರು ಎಂದಳು.

"ಯಾವ್ ವರ್ಷದ್ದು ಮಗ?" ಎಂದು ಅತ್ತೆ ಕೇಳಿದರು.

"ಕಲ್ಲು ಕಿತ್ತ ವರ್ಷದ್ದು ಅಜ್ಜಿ. ಮೊದಲು ಇಳಿದದ್ದು ಅದೇ ಅಲ್ವಾ, ಮೊದಲು ಬಂದು ತಲುಪಿರೋದೂ ಅದೇ."

ಅತ್ತೆ ಬಿಂದಿಗೆಯನ್ನು ಹತ್ತಿರ ಎಳೆದುಕೊಂಡರು. ಲೋಟ ಕೇಳಿದರು. ನನ್ನ ಗಂಡನೇ ಒಳಗೆ ಹೋಗಿ ತಂದು, ಬಗ್ಗಿಸಿ ಕೊಟ್ಟರು. ಅವರು ಗಟಗಟನೆ ಕುಡಿಯಲಿಲ್ಲ, ಒಂದೊಂದೇ ಗುಟುಕು ಬಾಯಲ್ಲಿ ನಿಲ್ಲಿಸಿಕೊಂಡು ಕುಡಿದು ಮುಗಿಸಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಈ ಮನೆಗ್ ಬಂದಾಗ್ನಿಂದ ಯಾರೋ ನೆಂದ ಮಳೇನ ಕುಡ್ಕಂಡ್ ಬದುಕ್ದೆ ಕಣವ್ವ," ಎಂದರು. "ಇದು ನಾನ್ ನೆಂದಿದ್ದು."

ಮತ್ತೆ ಲೋಟವನ್ನು ಮಗನ ಕಡೆ ಚಾಚಿದರು.